ಹೊಸ ಚದುರಂಗ ತಂತ್ರಾಂಶಗಳು ಹಳೆಯವಕ್ಕಿಂತ ನಿಜಕ್ಕೂ ಬಲಶಾಲಿಯೇ?

ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ 2009ರಲ್ಲಿ ನಡೆದ ಮರ್ಕೋಸುರ್ ಕಪ್ ಚದುರಂಗ ಪಂದ್ಯಾವಳಿಯನ್ನು ಗೆದ್ದದ್ದು ಒಂದು ಮೊಬೈಲ್ ಫೋನ್. ಎಚ್‌ಟಿಸಿ ಕಂಪನಿಯ ಆ ಫೋನಿನಲ್ಲಿ ಅಳವಡಿಸಿದ್ದ ‘ಪಾಕೆಟ್ ಫ್ರಿಟ್ಜ್ 4’ ಎಂಬ ತಂತ್ರಾಂಶವು ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಗೆದ್ದು, ಒಂದನ್ನು ಡ್ರಾ ಮಾಡಿಕೊಂಡು ಒಂಬತ್ತೂವರೆ ಅಂಕ ಗಳಿಸಿತು. ಅದರ ಆಟದ ಮಟ್ಟ 2898 ರೇಟಿಂಗಿಗೆ ಸಮಾನವೆಂದು ಲೆಕ್ಕ ಹಾಕಲಾಯಿತು.

ಇದಕ್ಕೂ 12 ವರ್ಷ ಮೊದಲು, 1997ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ ಐಬಿಎಂ ಸಂಸ್ಥೆಯ ‘ಡೀಪ್ ಬ್ಲೂ’ ಗಣಕಯಂತ್ರವು ಅಂದಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಮೂರೂವರೆ-ಎರಡೂವರೆ ಅಂಕಗಳಿಂದ ಸೋಲಿಸಿತ್ತು. ಚದುರಂಗಕ್ಕೆಂದೇ ತಯಾರಿಸಿದ 480 ಚಿಪ್‌ಗಳನ್ನು ಹೊಂದಿದ್ದ ಆ ಬೃಹತ್ ಯಂತ್ರ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಬ್ಯೂನಸ್ ಐರಿಸ್‌ನಲ್ಲಿ ಗೆದ್ದ ಫೋನು ಪರಿಶೀಲಿಸುತ್ತಿದ್ದುದು ಸೆಕೆಂಡಿಗೆ 20 ಸಾವಿರಕ್ಕೂ ಕಡಿಮೆ. ಅಂದರೆ ಹತ್ತು ಸಾವಿರ ಪಟ್ಟು ನಿಧಾನ. ಆ ಪಂದ್ಯಾವಳಿಯಲ್ಲಿ ಫೋನಿನ ಎದುರಾಳಿಗಳಾಗಿದ್ದವರು ಕ್ಯಾಸ್ಪರೋವ್ ಮಟ್ಟದವರಾಗಿರಲಿಲ್ಲ ಎಂಬುದು ನಿಜ. ಆದರೂ ಈ ಎರಡು ಯಂತ್ರಗಳ ನಡುವಣ ಅಂತರ ಒಂದು ಹಳೆಯ ವಿವಾದಕ್ಕೆ ಹೊಸ ರೂಪ ಕೊಟ್ಟಿತು: ಚದುರಂಗ ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ನಿಜಕ್ಕೂ ಬಲಗೊಳ್ಳುತ್ತಿವೆಯೇ, ಅಥವಾ ಅವುಗಳನ್ನು ಓಡಿಸುವ ಯಂತ್ರಗಳಷ್ಟೇ ವೇಗ ಪಡೆಯುತ್ತಿವೆಯೇ?

ಸಂದೇಹಕ್ಕೆ ಕಾರಣಗಳಿಲ್ಲದೆ ಇಲ್ಲ. ಹೊಸ ಆವೃತ್ತಿ ಬಿಡುಗಡೆಯಾದಾಗಲೆಲ್ಲ ‘ಹಿಂದಿನದಕ್ಕಿಂತ ಇಷ್ಟು ಅಂಕ ಹೆಚ್ಚು ಬಲಶಾಲಿ’ ಎಂಬ ಪ್ರಕಟಣೆ ಹೊರಬೀಳುತ್ತದೆ. ಕೊಳ್ಳುವವರು ಅದನ್ನು ಹಳೆಯ ಗಣಕದಲ್ಲಿ ಓಡಿಸುವುದು ಕಡಿಮೆ. ಹೊಸ ತಂತ್ರಾಂಶ ಮತ್ತು ಹೊಸ ಗಣಕ ಜೊತೆಜೊತೆಗೇ ಮನೆಗೆ ಬರುತ್ತವೆ. ಆಗ ಬಲ ಹೆಚ್ಚಿದ ಕೀರ್ತಿ ಯಾವುದಕ್ಕೆ ಸಲ್ಲಬೇಕು? ಇನ್ನೊಂದೆಡೆ, ಹತ್ತು ವರ್ಷ ಹಳೆಯ ತಂತ್ರಾಂಶವೇ ತನ್ನನ್ನು ಇಪ್ಪತ್ತು ನಡೆಗಳಲ್ಲಿ ಮಣಿಸುತ್ತಿರುವಾಗ, ಹೊಸತು ಹದಿನೆಂಟು ನಡೆಗಳಲ್ಲಿ ಮಣಿಸಿದರೆ ಸಾಮಾನ್ಯ ಆಟಗಾರನಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಅಂಕಗಳ ಅರ್ಥ

ಚದುರಂಗದ ಬಲಾಬಲವನ್ನು ಅಳೆಯುವ ಮಾನದಂಡ ಎಲೊ ರೇಟಿಂಗ್. ಹಂಗೇರಿ ಮೂಲದ ಅಮೆರಿಕನ್ ಭೌತವಿಜ್ಞಾನಿ ಅರ್ಪಾದ್ ಎಲೊ ರೂಪಿಸಿದ ಈ ಪದ್ಧತಿಯನ್ನು ವಿಶ್ವ ಚದುರಂಗ ಒಕ್ಕೂಟವಾದ ಫಿಡೆ 1970ರಲ್ಲಿ ಅಂಗೀಕರಿಸಿತು. ಇದು ಎತ್ತರ, ತೂಕಗಳಂತೆ ಸ್ವತಂತ್ರವಾದ ಅಳತೆಯಲ್ಲ. ಇಬ್ಬರು ಆಟಗಾರರ ನಡುವಣ ಅಂತರವನ್ನಷ್ಟೇ ಅದು ಹೇಳಬಲ್ಲದು. 100 ಅಂಕಗಳ ಅಂತರವಿದ್ದರೆ ಬಲಶಾಲಿಗೆ ನೂರಕ್ಕೆ ಸುಮಾರು 64 ಅಂಕ, 200ರ ಅಂತರವಿದ್ದರೆ 76, 400ರ ಅಂತರವಿದ್ದರೆ 91 ದಕ್ಕುತ್ತವೆ ಎಂಬುದು ಅದರ ನಿರೀಕ್ಷೆ. ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ ಅಂಕ.

ಯಾವ ಗುಂಪಿನೊಳಗೆ ಪಂದ್ಯಗಳು ನಡೆದವೋ ಆ ಗುಂಪಿನ ಒಳಗೆ ಮಾತ್ರ ಈ ಸಂಖ್ಯೆಗಳಿಗೆ ಅರ್ಥವುಂಟು. ಮನುಷ್ಯರ ಪೈಕಿ ಇದುವರೆಗಿನ ಅತ್ಯುನ್ನತ ರೇಟಿಂಗ್ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ತಲುಪಿದ 2882. ತಂತ್ರಾಂಶಗಳ ಪಟ್ಟಿಗಳಲ್ಲಿ ಅಗ್ರಸ್ಥಾನದಲ್ಲಿರುವವು 3600ರ ಆಸುಪಾಸಿನಲ್ಲಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ‘700 ಅಂಕಗಳ ಅಂತರ’ ಎಂದು ಬರೆಯುವುದು ರೂಢಿ. ಆದರೆ ತಂತ್ರಾಂಶಗಳು ದಶಕಗಳಿಂದ ಬಹುತೇಕ ತಮ್ಮ ತಮ್ಮಲ್ಲೇ ಆಡುತ್ತಿವೆ. ಮನುಷ್ಯರ ಪಟ್ಟಿಯೊಂದಿಗೆ ಅವುಗಳ ಪಟ್ಟಿಯನ್ನು ಬೆಸೆದಿದ್ದ ಕೊಂಡಿ ಸವೆದು ಹೋಗಿದೆ. 3600 ಎಂಬುದು ತಂತ್ರಾಂಶಗಳ ಊರಿನ ನಾಣ್ಯ. ಮನುಷ್ಯರ ಪೇಟೆಯಲ್ಲಿ ಅದಕ್ಕೆ ನಿಖರವಾದ ವಿನಿಮಯ ದರವಿಲ್ಲ.

ಹಾಗಿದ್ದರೂ ಹಳೆಯ ತಂತ್ರಾಂಶಕ್ಕೂ ಹೊಸದಕ್ಕೂ ಇರುವ ಅಂತರವನ್ನು ತಿಳಿಯಲು ಮನುಷ್ಯರ ಪಟ್ಟಿ ಬೇಕಿಲ್ಲ. ಎರಡನ್ನೂ ಒಂದೇ ಯಂತ್ರದಲ್ಲಿ, ಒಂದೇ ಕಾಲಮಿತಿಯಲ್ಲಿ, ಒಂದೇ ಆರಂಭಿಕ ಸ್ಥಿತಿಯಿಂದ, ಬಿಳಿ-ಕಪ್ಪು ಬಣ್ಣಗಳನ್ನು ಅದಲುಬದಲು ಮಾಡಿ ಸಾಕಷ್ಟು ಸಲ ಆಡಿಸಿದರೆ ಉತ್ತರ ದೊರೆಯುತ್ತದೆ. ಈ ‘ಸಾಕಷ್ಟು’ ಎಂಬಲ್ಲೇ ಬಹುಮಂದಿ ಎಡವುವುದು. ಹತ್ತು ಪಂದ್ಯಗಳಲ್ಲಿ 6-4 ಬಂದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಅರ್ಧದಷ್ಟು ಡ್ರಾ ಆಗುವ ನೂರು ಪಂದ್ಯಗಳನ್ನು ಆಡಿಸಿದರೂ ಫಲಿತಾಂಶದಲ್ಲಿ ಸುಮಾರು 50 ಎಲೊ ಅಂಕಗಳಷ್ಟು ಏರುಪೇರಿಗೆ ಅವಕಾಶ ಇದ್ದೇ ಇರುತ್ತದೆ. ಮೂರ್ನಾಲ್ಕು ಅಂಕಗಳ ಸುಧಾರಣೆಯನ್ನು ಖಚಿತಪಡಿಸಿಕೊಳ್ಳಬೇಕಾದರೆ ಇಪ್ಪತ್ತು ಸಾವಿರ ಪಂದ್ಯಗಳಾದರೂ ಬೇಕು. ಹಿಂದೆ ಮಾರಾಟದ ತಂತ್ರಾಂಶಗಳ ಬಗ್ಗೆ ಕೇಳಿಬರುತ್ತಿದ್ದ ಎಷ್ಟೋ ಹೆಗ್ಗಳಿಕೆಗಳು ಈ ಜರಡಿಯಲ್ಲಿ ನಿಲ್ಲುವಂಥವಾಗಿರಲಿಲ್ಲ.

ವೇಗದ ಪಾಲೆಷ್ಟು, ವಿವೇಚನೆಯ ಪಾಲೆಷ್ಟು

ಚದುರಂಗದ ಒಂದು ಸಾಧಾರಣ ಸ್ಥಿತಿಯಲ್ಲಿ ಆಡಬಹುದಾದ ನಡೆಗಳು ಸುಮಾರು 35. ಪ್ರತಿಯೊಂದಕ್ಕೂ ಎದುರಾಳಿಯಿಂದ ಅಷ್ಟೇ ಉತ್ತರಗಳು. ನಾಲ್ಕು ನಡೆ ಮುಂದೆ ನೋಡುವಷ್ಟರಲ್ಲಿ ಲೆಕ್ಕ ಹದಿನೈದು ಲಕ್ಷ ತಲುಪುತ್ತದೆ. ಎಲ್ಲವನ್ನೂ ನೋಡುವುದೇ, ಆಯ್ದು ನೋಡುವುದೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಕ್ಲಾಡ್ ಶ್ಯಾನನ್ 1950ರ ತಮ್ಮ ಪ್ರಬಂಧದಲ್ಲಿಯೇ ಎತ್ತಿದ್ದರು. ಮುಂದಿನ ದಶಕಗಳಲ್ಲಿ ಹಲವು ಯಂತ್ರಗಳು ‘ಆದಷ್ಟು ಎಲ್ಲವನ್ನೂ ನೋಡು’ ಎಂಬ ಹಾದಿಯನ್ನು ಹಿಡಿದವು. ಕೆಟ್ಟದೆಂದು ಈಗಾಗಲೇ ಸಿದ್ಧವಾದ ಕವಲನ್ನು ಮತ್ತೆ ಕೆದಕದಿರುವ ‘ಆಲ್ಫಾ-ಬೀಟಾ’ ಎಂಬ ಲೆಕ್ಕಾಚಾರ ಕೆಲಸವನ್ನು ಬಹಳಷ್ಟು ತಗ್ಗಿಸಿತು. ಆದರೂ ಒಂದು ಹೆಜ್ಜೆ ಆಳಕ್ಕೆ ಇಳಿಯಲು ಸುಮಾರು ಆರು ಪಟ್ಟು ಹೆಚ್ಚು ಶ್ರಮ ಬೇಕಾಗುತ್ತಿತ್ತು.

ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಜನಕರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ‘ಬೆಲ್’ ಎಂಬ ಚದುರಂಗ ಯಂತ್ರವನ್ನೂ ರೂಪಿಸಿದ್ದರು. 1980ರ ದಶಕದ ಆರಂಭದಲ್ಲಿ ಅವರು ಆ ಯಂತ್ರವನ್ನು ಅದರ ವಿರುದ್ಧವೇ, ಆಳವನ್ನು ಮಾತ್ರ ಬದಲಿಸಿ, ಆಡಿಸಿದರು. ಒಂದು ಹೆಜ್ಜೆ ಹೆಚ್ಚು ಆಳ ನೋಡಿದರೆ ಬಲ ಸುಮಾರು 200 ಅಂಕಗಳಷ್ಟು ಏರುತ್ತದೆಂದು ತಿಳಿದುಬಂತು. ಈ ಪ್ರಯೋಗ ವೇಗವೇ ಸರ್ವಸ್ವ ಎಂಬ ನಂಬಿಕೆಗೆ ಪುಷ್ಟಿ ನೀಡಿತು. ಡೀಪ್ ಬ್ಲೂ ಆ ನಂಬಿಕೆಯ ಶಿಖರ. ಅದರ ಕಾಲದ ಮಟ್ಟಿಗೆ, ಬಲವೆಲ್ಲ ಯಂತ್ರದ್ದು ಎನ್ನುವವರ ಮಾತಿನಲ್ಲಿ ಸಾಕಷ್ಟು ಹುರುಳಿತ್ತು.

ಆದರೆ ಅದೇ ಕಾಲದಲ್ಲಿ ಬೇರೊಂದು ಧಾರೆಯೂ ಹರಿಯುತ್ತಿತ್ತು. 1994ರಲ್ಲಿ ಲಂಡನ್ನಿನ ಇಂಟೆಲ್ ಕ್ಷಿಪ್ರ ಚದುರಂಗ ಪಂದ್ಯಾವಳಿಯಲ್ಲಿ ಸಾಧಾರಣ ಪೆಂಟಿಯಂ ಗಣಕದಲ್ಲಿ ಓಡುತ್ತಿದ್ದ ‘ಚೆಸ್ ಜೀನಿಯಸ್’ ತಂತ್ರಾಂಶ ಕ್ಯಾಸ್ಪರೋವ್ ಅವರನ್ನು ಪಂದ್ಯಾವಳಿಯಿಂದಲೇ ಹೊರದೂಡಿತು. ಮುಂದೆ ಸೆಮಿಫೈನಲ್‌ನಲ್ಲಿ ಅದನ್ನು ತಡೆದವರು ಭಾರತದ ವಿಶ್ವನಾಥನ್ ಆನಂದ್. ಎಲ್ಲವನ್ನೂ ನೋಡುವ ಬದಲು ನೋಡಬೇಕಾದ್ದನ್ನಷ್ಟೇ ಆಳವಾಗಿ ನೋಡುವ ಜಾಣತನದ ಫಲ ಅದಾಗಿತ್ತು.

ಈ ಜಾಣತನದಲ್ಲಿ ಎರಡು ಉಪಾಯಗಳು ಮುಖ್ಯ. ಒಂದನೆಯದು 1990ರ ದಶಕದಲ್ಲಿ ವ್ಯಾಪಕವಾದ ‘ಶೂನ್ಯ ನಡೆ’. ತಾನು ಆಡದೆ ಸುಮ್ಮನಿದ್ದು, ಎದುರಾಳಿಗೆ ಸತತವಾಗಿ ಎರಡು ನಡೆ ಕೊಟ್ಟರೂ ತನ್ನ ಸ್ಥಿತಿ ಚೆನ್ನಾಗಿಯೇ ಉಳಿಯುವುದಾದರೆ, ಆ ಕವಲನ್ನು ಇನ್ನಷ್ಟು ಕೆದಕುವ ಅಗತ್ಯವಿಲ್ಲ ಎಂಬುದು ಇದರ ತರ್ಕ. ಎರಡನೆಯದು 2000ದ ದಶಕದ ಮಧ್ಯದಲ್ಲಿ ಬೇರೂರಿತು. ನಡೆಗಳನ್ನು ಒಳ್ಳೆಯದರಿಂದ ಕೆಟ್ಟದಕ್ಕೆ ಅಂದಾಜಿನ ಮೇಲೆ ಜೋಡಿಸಿ, ಪಟ್ಟಿಯ ಕೊನೆಯಲ್ಲಿರುವವನ್ನು ಮೇಲುಮೇಲೆ ಮಾತ್ರ ನೋಡುವುದು. ಏನಾದರೂ ವಿಶೇಷ ಕಂಡರೆ ಮಾತ್ರ ಹಿಂದಿರುಗಿ ಪೂರ್ತಿ ಆಳಕ್ಕೆ ಇಳಿಯುವುದು. ಇವುಗಳ ಮತ್ತು ಇಂಥ ಹತ್ತಾರು ಉಪಾಯಗಳ ಒಟ್ಟು ಪರಿಣಾಮವಾಗಿ, ಒಂದು ಹೆಜ್ಜೆ ಆಳಕ್ಕೆ ಆರು ಪಟ್ಟು ಬೇಕಾಗಿದ್ದ ಶ್ರಮ ಇಂದು ಎರಡು ಪಟ್ಟಿಗೂ ಕೆಳಗಿಳಿದಿದೆ. ಬ್ಯೂನಸ್ ಐರಿಸ್‌ನ ಫೋನು ಹತ್ತು ಸಾವಿರ ಪಟ್ಟು ನಿಧಾನವಾಗಿದ್ದೂ ಆ ಮಟ್ಟದಲ್ಲಿ ಆಡಿದ್ದರ ಗುಟ್ಟು ಇದೇ.

2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಅವರನ್ನು 4-2ರಿಂದ ಸೋಲಿಸಿದ ‘ಡೀಪ್ ಫ್ರಿಟ್ಜ್’ ಕೂಡ ಸೆಕೆಂಡಿಗೆ ಒಂದು ಕೋಟಿಗೂ ಕಡಿಮೆ ಸ್ಥಿತಿಗಳನ್ನು ನೋಡುತ್ತಿತ್ತು. ಆ ಸರಣಿಯ ಎರಡನೇ ಪಂದ್ಯದಲ್ಲಿ ಕ್ರಾಮ್ನಿಕ್ ಒಂದೇ ನಡೆಯಲ್ಲಿ ಬೀಳಲಿದ್ದ ಮಾತನ್ನು ಗಮನಿಸದೆ ಸೋತದ್ದು ಈಗ ಇತಿಹಾಸ. ಅದಾದ ನಂತರ ಮನುಷ್ಯ-ಯಂತ್ರ ಸಮಬಲದ ಸ್ಪರ್ಧೆಯ ಆಕರ್ಷಣೆಯೇ ಹೊರಟುಹೋಯಿತು.

2004-05ರಲ್ಲಿ ಫ್ರಾನ್ಸಿನ ಫಾಬಿಯೆನ್ ಲೆತೂಜೆ ಬರೆದ ‘ಫ್ರೂಟ್’ ತಂತ್ರಾಂಶದ ಒಳಸಂಕೇತಗಳು ಎಲ್ಲರಿಗೂ ತೆರೆದಿದ್ದವು. ಸರಳವೂ ಸ್ಪಷ್ಟವೂ ಆಗಿದ್ದ ಆ ಬರವಣಿಗೆಯಿಂದ ಒಂದು ಪೀಳಿಗೆಯೇ ಕಲಿಯಿತು. 2005ರ ಡಿಸೆಂಬರಿನಲ್ಲಿ ಹೊರಬಂದ ವಾಸಿಕ್ ರೈಲಿಕ್ ಅವರ ‘ರಿಬ್ಕಾ’ ಅಂದಿನ ಹೆಸರಾಂತ ತಂತ್ರಾಂಶಗಳನ್ನೆಲ್ಲ ಅವೇ ಯಂತ್ರಗಳಲ್ಲಿ ಹಿಂದಿಕ್ಕಿತು. ಯಂತ್ರ ಬದಲಾಗದೆಯೇ ಬಲ ಏರಿತು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ಆದರೆ ಆ ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಮುಂದೆ ಬೇರೆಯೇ ಬಣ್ಣ ತಾಳಿತು.

2008ರಲ್ಲಿ ‘ಗ್ಲೌರುಂಗ್’ ಎಂಬ ಮುಕ್ತ ತಂತ್ರಾಂಶದಿಂದ ಕವಲೊಡೆದ ‘ಸ್ಟಾಕ್‌ಫಿಶ್’ ಪರೀಕ್ಷೆಯ ಪ್ರಶ್ನೆಗೆ ಗಟ್ಟಿ ಉತ್ತರ ಕಂಡುಕೊಂಡಿತು. 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಸಿದ್ಧಪಡಿಸಿದ ‘ಫಿಶ್‌ಟೆಸ್ಟ್’ ವ್ಯವಸ್ಥೆಯಲ್ಲಿ ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ತಮ್ಮ ಗಣಕಗಳ ಬಿಡುವಿನ ಸಮಯವನ್ನು ದಾನವಾಗಿ ನೀಡುತ್ತಾರೆ. ಯಾರಾದರೂ ಒಂದು ತಿದ್ದುಪಡಿ ಸೂಚಿಸಿದರೆ, ತಿದ್ದಿದ ಆವೃತ್ತಿಯೂ ತಿದ್ದದ ಆವೃತ್ತಿಯೂ ಸಾವಿರಾರು ಪಂದ್ಯಗಳನ್ನು ಪರಸ್ಪರ ಆಡುತ್ತವೆ. ಸಂಖ್ಯಾಶಾಸ್ತ್ರದ ಗೆರೆ ದಾಟಿದರೆ ತಿದ್ದುಪಡಿ ಒಳಕ್ಕೆ, ಇಲ್ಲವಾದರೆ ಕಸದ ಬುಟ್ಟಿಗೆ. ಬುಟ್ಟಿ ಸೇರುವವೇ ಹೆಚ್ಚು. ತಜ್ಞರಿಗೆ ಎಷ್ಟೇ ಸುಂದರವೆನಿಸಿದ ಕಲ್ಪನೆಗೂ ಇಲ್ಲಿ ಮುಲಾಜಿಲ್ಲ. ಹೀಗೆ ಒಂದೆರಡು ಅಂಕಗಳಂತೆ ಕೂಡುತ್ತ ಬಂದ ಬಲವನ್ನು ಯಂತ್ರದ ಖಾತೆಗೆ ಬರೆಯಲು ಸಾಧ್ಯವಿಲ್ಲ. ಏಕೆಂದರೆ ಪರೀಕ್ಷೆಯ ಎರಡೂ ಬದಿಯಲ್ಲಿ ಇರುವುದು ಒಂದೇ ಯಂತ್ರ.

ನೂರು ಪಂದ್ಯಗಳ ಸದ್ದು

2017ರ ಡಿಸೆಂಬರಿನಲ್ಲಿ ಗೂಗಲ್ ಒಡೆತನದ ಡೀಪ್‌ಮೈಂಡ್ ಸಂಸ್ಥೆ ಪ್ರಕಟಿಸಿದ ಸುದ್ದಿ ಚದುರಂಗ ಲೋಕವನ್ನೇ ಅಲುಗಾಡಿಸಿತು. ಆಟದ ನಿಯಮಗಳನ್ನಷ್ಟೇ ಕಲಿತು, ತನ್ನೊಂದಿಗೇ ತಾನು ಆಡಿಕೊಂಡು ಬೆಳೆದ ‘ಆಲ್ಫಾಜೀರೊ’, ನಾಲ್ಕೇ ಗಂಟೆಗಳ ತರಬೇತಿಯಲ್ಲಿ ಸ್ಟಾಕ್‌ಫಿಶ್ 8ರ ಮಟ್ಟವನ್ನು ಮೀರಿತೆಂದೂ, ನೂರು ಪಂದ್ಯಗಳಲ್ಲಿ 28ನ್ನು ಗೆದ್ದು 72ನ್ನು ಡ್ರಾ ಮಾಡಿಕೊಂಡು ಒಂದನ್ನೂ ಸೋಲಲಿಲ್ಲವೆಂದೂ ಸಂಸ್ಥೆ ಹೇಳಿತು. ಪತ್ರಿಕೆಗಳು ‘ನಾಲ್ಕು ಗಂಟೆ’ಯನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿದವು. ಆ ನಾಲ್ಕು ಗಂಟೆಗಳಲ್ಲಿ ಐದು ಸಾವಿರ ವಿಶೇಷ ಪ್ರೊಸೆಸರ್‌ಗಳು ದುಡಿದಿದ್ದವೆಂಬ ಮಾತು ಚಿಕ್ಕಕ್ಷರಗಳಲ್ಲಿ ಉಳಿಯಿತು.

ಸ್ಟಾಕ್‌ಫಿಶ್ ಪಾಳಯದ ಆಕ್ಷೇಪ ಕೂಡಲೇ ಬಂತು. ಪ್ರತಿ ನಡೆಗೆ ಕಡ್ಡಾಯವಾಗಿ ಒಂದು ನಿಮಿಷ ಎಂದು ನಿಗದಿಪಡಿಸಿದ್ದರಿಂದ, ಕಠಿಣ ಸಂದರ್ಭದಲ್ಲಿ ಹೆಚ್ಚು ಹೊತ್ತು ಯೋಚಿಸುವ ಸ್ಟಾಕ್‌ಫಿಶ್‌ನ ಕೌಶಲ ನಿರುಪಯುಕ್ತವಾಗಿತ್ತು. ಅದಕ್ಕೆ ಒದಗಿಸಿದ ಸ್ಮರಣೆಯ ಪ್ರಮಾಣವೂ ಒಂದೇ ಗಿಗಾಬೈಟ್. ಆಕ್ಷೇಪಗಳಿಗೆ ಬೆಲೆ ಸಿಕ್ಕಿತು. ಒಂದು ವರ್ಷದ ಬಳಿಕ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧಕ್ಕಾಗಿ, ತಲಾ ಮೂರು ಗಂಟೆಗಳ ಸಾಮಾನ್ಯ ಕಾಲಮಿತಿಯಲ್ಲಿ, ಸುಧಾರಿತ ಯಂತ್ರದ ಮೇಲೆ ಸಾವಿರ ಪಂದ್ಯಗಳನ್ನು ಆಡಿಸಲಾಯಿತು. ಆಲ್ಫಾಜೀರೊ 155ರಲ್ಲಿ ಗೆದ್ದಿತು, 6ರಲ್ಲಿ ಸೋತಿತು, ಉಳಿದವು ಡ್ರಾ.

ಈ ಎರಡು ಫಲಿತಾಂಶಗಳನ್ನು ಎಲೊ ಲೆಕ್ಕಕ್ಕೆ ತಂದರೆ ಸ್ವಾರಸ್ಯ ತಿಳಿಯುತ್ತದೆ. ಮೊದಲನೆಯದು ನೂರಕ್ಕೆ 64 ಅಂಕ, ಅಂದರೆ ಸುಮಾರು 100 ಎಲೊ. ಎರಡನೆಯದು ನೂರಕ್ಕೆ ಐವತ್ತೇಳೂವರೆಯ ಆಸುಪಾಸು, ಅಂದರೆ 50 ಎಲೊಗೆ ತುಸು ಹೆಚ್ಚು. ಹೊಸತು ಬಲಶಾಲಿ ಎಂಬ ತೀರ್ಮಾನ ಬದಲಾಗಲಿಲ್ಲ. ಆದರೆ ಪರೀಕ್ಷೆಯ ಷರತ್ತುಗಳು ಬದಲಾದಾಗ ಅಂತರ ಅರ್ಧಕ್ಕೆ ಕುಸಿಯಿತು. ‘ಇಷ್ಟು ಅಂಕ ಬಲಶಾಲಿ’ ಎಂಬ ಯಾವುದೇ ಪ್ರಕಟಣೆಯನ್ನು ಓದುವಾಗ ಷರತ್ತುಗಳನ್ನು ಮೊದಲು ಹುಡುಕಬೇಕಾದುದು ಇದಕ್ಕಾಗಿಯೇ. ಇನ್ನೊಂದು ತೊಡಕೂ ಇದೆ. ಆಲ್ಫಾಜೀರೊ ಸೆಕೆಂಡಿಗೆ ಸುಮಾರು 60 ಸಾವಿರ ಸ್ಥಿತಿಗಳನ್ನು ನೋಡುತ್ತಿದ್ದರೆ ಸ್ಟಾಕ್‌ಫಿಶ್ 6 ಕೋಟಿ ನೋಡುತ್ತಿತ್ತು. ಒಂದು ಓಡುತ್ತಿದ್ದುದು ವಿಶೇಷ ಚಿಪ್‌ಗಳಲ್ಲಿ, ಇನ್ನೊಂದು ಸಾಮಾನ್ಯ ಪ್ರೊಸೆಸರ್‌ಗಳಲ್ಲಿ. ‘ಒಂದೇ ಯಂತ್ರದಲ್ಲಿ ಆಡಿಸಿ’ ಎಂಬ ನಿಯಮಕ್ಕೆ ಇಲ್ಲಿ ಅರ್ಥವೇ ಇಲ್ಲ. ಆಲ್ಫಾಜೀರೊವನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಲೇ ಇಲ್ಲವಾದ್ದರಿಂದ ಹೊರಗಿನವರಾರೂ ಅದನ್ನು ಪರೀಕ್ಷಿಸಲಾಗಲಿಲ್ಲ.

ಅದೇ ಮಾರ್ಗವನ್ನು ಅನುಸರಿಸಿ 2018ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ‘ಲೀಲಾ’ ಮಾತ್ರ ಬಯಲಿಗಿಳಿದು ಆಡಿತು. ಇಂಟರ್ನೆಟ್‌ನಲ್ಲಿ ನಡೆಯುವ, ಟಿಸಿಇಸಿ ಎಂದೇ ಪ್ರಸಿದ್ಧವಾದ ತಂತ್ರಾಂಶಗಳ ಸ್ಪರ್ಧೆಯಲ್ಲಿ 2019ರಲ್ಲಿ ಅದು ಸ್ಟಾಕ್‌ಫಿಶ್ ಅನ್ನು ಮಣಿಸಿ ಪ್ರಶಸ್ತಿ ಪಡೆಯಿತು. ಸ್ಟಾಕ್‌ಫಿಶ್ ಸುಮ್ಮನಿರಲಿಲ್ಲ. ಜಪಾನಿನ ಯು ನಾಸು 2018ರಲ್ಲಿ ಅಲ್ಲಿಯ ಶೋಗಿ ಆಟಕ್ಕಾಗಿ ಕಂಡುಹಿಡಿದಿದ್ದ ಪುಟ್ಟ ನ್ಯೂರಲ್ ಜಾಲವನ್ನು ಅದು ತನ್ನೊಳಕ್ಕೆ ಸೇರಿಸಿಕೊಂಡಿತು. ಒಂದು ನಡೆಯಲ್ಲಿ ಸ್ಥಾನ ಬದಲಿಸುವುದು ಒಂದೆರಡು ಕಾಯಿಗಳು ಮಾತ್ರ. ಹಾಗಾಗಿ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡದೆ ಬದಲಾದಷ್ಟನ್ನೇ ತಿದ್ದಿಕೊಳ್ಳುವುದು ಆ ಜಾಲದ ವೈಶಿಷ್ಟ್ಯ. ಹೀಗಾಗಿ ಅದು ಸಾಮಾನ್ಯ ಗಣಕದಲ್ಲಿಯೇ ಓಡಬಲ್ಲದು. 2020ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಸ್ಟಾಕ್‌ಫಿಶ್ 12, ಹಿಂದಿನ 11ರ ವಿರುದ್ಧ, ಒಂದೇ ಆರಂಭವನ್ನು ಎರಡೂ ಬಣ್ಣಗಳಲ್ಲಿ ಆಡುವ ಪಂದ್ಯಜೋಡಿಗಳಲ್ಲಿ ಸೋತದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಗೆಲ್ಲುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ, 12ನೇ ಆವೃತ್ತಿ ನೋಡುತ್ತಿದ್ದ ಸ್ಥಿತಿಗಳ ಸಂಖ್ಯೆ 11ನೆಯದಕ್ಕಿಂತ ಗಣನೀಯವಾಗಿ ಕಡಿಮೆ. ನಿಧಾನಿಸಿ ಬಲಗೊಂಡ ತಂತ್ರಾಂಶವನ್ನು ಮುಂದಿಟ್ಟುಕೊಂಡು ‘ಎಲ್ಲ ವೇಗದ ಮಹಿಮೆ’ ಎಂದು ಹೇಳುವುದು ಕಷ್ಟ. ಮನುಷ್ಯರು ಕೈಯಾರೆ ಬರೆದಿದ್ದ ಮೌಲ್ಯಮಾಪನದ ನಿಯಮಗಳನ್ನು 2023ರಲ್ಲಿ ಸ್ಟಾಕ್‌ಫಿಶ್‌ನಿಂದ ಪೂರ್ತಿಯಾಗಿ ತೆಗೆದುಹಾಕಲಾಯಿತು.

ಹಳೆಯದು ಸೋಲದ ಜಾಗಗಳು

ಇಷ್ಟಾದರೂ ಹೊಸತು ಎಲ್ಲೆಡೆಯೂ ಮೇಲು ಎನ್ನುವಂತಿಲ್ಲ. ನೋಡದೆ ಬಿಡುವುದರಲ್ಲಿ ಬಲವಿರುವಂತೆ ಅಪಾಯವೂ ಇದೆ. ಆಡುವ ಸರದಿ ಬಂದದ್ದೇ ಶಾಪವಾಗಿ, ಯಾವ ನಡೆ ಆಡಿದರೂ ಕೆಡುವಂಥ ಸ್ಥಿತಿಗಳು ಚದುರಂಗದಲ್ಲುಂಟು. ಅಲ್ಲಿ ‘ಸುಮ್ಮನಿದ್ದರೂ ಚೆನ್ನಾಗಿದ್ದೇನೆ’ ಎಂಬ ಶೂನ್ಯ ನಡೆಯ ತರ್ಕವೇ ಮೋಸಹೋಗುತ್ತದೆ. ಮೊದಲ ನೋಟಕ್ಕೆ ಅಸಂಬದ್ಧವೆನಿಸುವ ಬಲಿದಾನವೇ ಉತ್ತರವಾಗಿರುವ ಕಟ್ಟು ಸಮಸ್ಯೆಗಳಲ್ಲಿ, ಎಲ್ಲವನ್ನೂ ತಾಳ್ಮೆಯಿಂದ ನೋಡುವ ಹಳೆಯ ತಂತ್ರಾಂಶವೊಂದು ಹೊಸದಕ್ಕಿಂತ ಬೇಗ ಉತ್ತರ ಹುಡುಕಿಕೊಡುವ ಪ್ರಸಂಗಗಳಿವೆ. ಕಾಯಿಬಲ ಎಷ್ಟೇ ಹೆಚ್ಚಿದ್ದರೂ ಒಳನುಗ್ಗಲಾಗದ ಕೋಟೆಯಂಥ ಡ್ರಾ ಸ್ಥಿತಿಗಳನ್ನು ಗೆಲುವೆಂದು ತೋರಿಸುವ ಚಾಳಿ ಹೊಸ ತಂತ್ರಾಂಶಗಳಿಗೂ ಪೂರ್ತಿ ಬಿಟ್ಟಿಲ್ಲ.

ಇನ್ನು, ಆಟದ ಆರಂಭಿಕ ಸ್ಥಿತಿಯಿಂದಲೇ ಆಡಿಸಿದರೆ ಇಂದಿನ ಅಗ್ರಶ್ರೇಣಿಯ ತಂತ್ರಾಂಶಗಳ ನಡುವಣ ಪಂದ್ಯಗಳು ಬಹುತೇಕ ಡ್ರಾದಲ್ಲಿ ಮುಗಿಯುತ್ತವೆ. ಹೀಗಾಗಿ ಟಿಸಿಇಸಿಯಂಥ ಸ್ಪರ್ಧೆಗಳಲ್ಲಿ ಒಂದು ಬದಿಗೆ ಉದ್ದೇಶಪೂರ್ವಕವಾಗಿ ಮೇಲುಗೈ ಕೊಡುವ ಓರೆ ಆರಂಭಗಳನ್ನು ಹೇರಲಾಗುತ್ತದೆ; ನಂತರ ಬದಿ ಬದಲಿಸಿ ಅದೇ ಆರಂಭವನ್ನು ಮತ್ತೆ ಆಡಿಸಲಾಗುತ್ತದೆ. ಪಟ್ಟಿಗಳಲ್ಲಿ ಕಾಣುವ ಇತ್ತೀಚಿನ ಅಂಕಗಳ ಅಂತರ ಬಹುಮಟ್ಟಿಗೆ ಇಂಥ ಕೃತಕ ಆರಂಭಗಳ ಕೂಸು. ನೇರ ಆರಂಭದಿಂದ ಆಡಿದರೆ ಅದು ಕುಗ್ಗಿಹೋಗುತ್ತದೆ. ಸುಧಾರಣೆ ಸುಳ್ಳಲ್ಲ, ಆದರೆ ಅದನ್ನು ಕಾಣಲು ಭೂತಗನ್ನಡಿ ಬೇಕಾಗಿದೆ.

ಹೊಸ ಸೀಸೆ, ಹಳೆಯ ಸರಕು

ಬಲದ ಪ್ರಶ್ನೆಗೆ ಹಣದ ಮುಖವೂ ಇದೆ. ‘ಹೊಸತು’ ಎಂದು ಮಾರಾಟವಾದದ್ದು ನಿಜಕ್ಕೂ ಹೊಸತೇ ಎಂಬ ತಕರಾರು ಎರಡು ಬಾರಿ ದೊಡ್ಡ ಸುದ್ದಿಯಾಯಿತು. 2007ರಿಂದ 2010ರವರೆಗೆ ಗಣಕ ಚದುರಂಗದ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿದ್ದ ರಿಬ್ಕಾ, ಫ್ರೂಟ್ ಮತ್ತು ಕ್ರಾಫ್ಟಿ ತಂತ್ರಾಂಶಗಳಿಂದ ಕೃತಿಚೌರ್ಯ ಮಾಡಿದೆ ಎಂದು ತೀರ್ಮಾನಿಸಿದ ಅಂತರರಾಷ್ಟ್ರೀಯ ಗಣಕ ಕ್ರೀಡೆಗಳ ಸಂಘ 2011ರ ಜೂನಿನಲ್ಲಿ ಅದರ ಪ್ರಶಸ್ತಿಗಳನ್ನು ಹಿಂತೆಗೆದುಕೊಂಡಿತು. ರೈಲಿಕ್ ಆರೋಪವನ್ನು ಒಪ್ಪಲಿಲ್ಲ. ಆ ತೀರ್ಪಿನ ಬಗ್ಗೆ ತಜ್ಞರಲ್ಲಿಯೂ ಏಕಾಭಿಪ್ರಾಯ ಮೂಡಲಿಲ್ಲ.

ಎರಡನೆಯದು ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣ. ಜರ್ಮನಿಯ ಚೆಸ್‌ಬೇಸ್ ಕಂಪನಿ 2021ರಲ್ಲಿ ಮಾರುಕಟ್ಟೆಗೆ ತಂದ ‘ಫ್ಯಾಟ್ ಫ್ರಿಟ್ಜ್ 2’, ಉಚಿತವಾಗಿ ಸಿಗುವ ಸ್ಟಾಕ್‌ಫಿಶ್‌ನ ಮೇಲೆಯೇ ಕಟ್ಟಿದ್ದು, ಬದಲಾವಣೆಗಳು ಅಲ್ಪ ಎಂದು ಸ್ಟಾಕ್‌ಫಿಶ್ ತಂಡ ಆಕ್ಷೇಪಿಸಿತು. ಸಂಕೇತಗಳನ್ನು ಮುಕ್ತವಾಗಿ ಬಳಸಲು, ಮಾರಲು ಕೂಡ, ಅದರ ಪರವಾನಗಿ ಅನುಮತಿ ನೀಡುತ್ತದೆ. ಆದರೆ ಮೂಲವನ್ನು ತಿಳಿಸಬೇಕು, ತಿದ್ದಿದ ಸಂಕೇತಗಳನ್ನೂ ಎಲ್ಲರಿಗೂ ತೆರೆದಿಡಬೇಕು. ಈ ಷರತ್ತುಗಳ ಉಲ್ಲಂಘನೆಯೇ ವ್ಯಾಜ್ಯದ ತಿರುಳು. 2022ರ ನವೆಂಬರಿನಲ್ಲಿ ರಾಜಿಯಾಗಿ, ಫ್ಯಾಟ್ ಫ್ರಿಟ್ಜ್ 2 ಮತ್ತು ಹೌಡಿನಿ 6 ಎಂಬ ತಂತ್ರಾಂಶಗಳ ಮಾರಾಟ ನಿಂತಿತು. ಇಂದು ಜಗತ್ತಿನ ಅತ್ಯಂತ ಬಲಶಾಲಿ ತಂತ್ರಾಂಶಗಳ ಸಾಲಿನಲ್ಲಿರುವ ಸ್ಟಾಕ್‌ಫಿಶ್ ಮತ್ತು ಲೀಲಾ ಎರಡೂ ಉಚಿತ. ಮಕ್ಕಳ ತರಬೇತಿಗೆಂದು ‘ಹೆಚ್ಚು ಬಲ’ದ ಹೆಸರಿನಲ್ಲಿ ಹಣ ತೆರುವ ಪೋಷಕರು ಈ ಸಂಗತಿಯನ್ನು ಮೊದಲು ತಿಳಿದಿರಬೇಕು. ಪಾಠಗಳಿಗೆ, ಪಂದ್ಯಗಳ ಸಂಗ್ರಹಕ್ಕೆ, ಅನುಕೂಲಕರ ಪರದೆಗೆ ಬೆಲೆ ತೆರಬಹುದು, ಬಲಕ್ಕೆ ತೆರಬೇಕಾಗಿಲ್ಲ.

ಬಲ ಹೆಚ್ಚಿದಷ್ಟೂ ಕಲಿಕೆ ಹೆಚ್ಚುತ್ತದೆ ಎಂಬುದೂ ಸಿದ್ಧವಾದ ಮಾತಲ್ಲ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಚೆನ್ನೈನ ಡಿ. ಗುಕೇಶ್, ಬಾಲ್ಯದಲ್ಲಿ ತರಬೇತುದಾರ ವಿಷ್ಣು ಪ್ರಸನ್ನ ಅವರ ಮಾರ್ಗದರ್ಶನದಲ್ಲಿ ತಂತ್ರಾಂಶಗಳ ನೆರವಿಲ್ಲದೆಯೇ ಅಭ್ಯಾಸ ನಡೆಸಿದ್ದರು. ಇನ್ನೊಂದೆಡೆ, ಮೋಸ ಮಾಡುವವರಿಗೂ ಇತ್ತೀಚಿನ ಆವೃತ್ತಿ ಬೇಕಿಲ್ಲ. 2015ರಲ್ಲಿ ದುಬೈ ಮುಕ್ತ ಪಂದ್ಯಾವಳಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಶೌಚಾಲಯದಲ್ಲಿ ಬಚ್ಚಿಟ್ಟಿದ್ದ ಫೋನಿನ ನೆರವು ಪಡೆದು ಸಿಕ್ಕಿಬಿದ್ದರು. 2009ರ ಫೋನಿನ ಬಲವೇ ಅದಕ್ಕೆ ಸಾಕಾಗಿತ್ತು.

ಎರಡು ಆವೃತ್ತಿಗಳನ್ನು ಹೋಲಿಸುವವರು ಮತ್ತೊಂದು ಬಲೆಯಲ್ಲಿಯೂ ಬೀಳುತ್ತಾರೆ. ಪರದೆಯ ಅಂಚಿನಲ್ಲಿ ಮೂಡುವ +1.00 ಎಂಬ ಸಂಖ್ಯೆ ಒಂದು ಕಾಲಾಳಿನಷ್ಟು ಮೇಲುಗೈಯನ್ನು ಸೂಚಿಸುತ್ತದೆ ಎಂಬುದು ಹಳೆಯ ತಂತ್ರಾಂಶಗಳ ಮಟ್ಟಿಗೆ ಸರಿ. 2022ರ ಡಿಸೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದೀಚೆಗೆ ಅದೇ ಸಂಖ್ಯೆಯ ಅರ್ಥ ಬೇರೆ: ಆ ಸ್ಥಿತಿಯಿಂದ ಗೆಲ್ಲುವ ಸಂಭವ ನೂರಕ್ಕೆ 50. ಒಂದೇ ಸ್ಥಿತಿಗೆ ಹಳೆಯದು 0.60 ಎಂದೂ ಹೊಸದು 1.00 ಎಂದೂ ತೋರಿಸಿದರೆ, ಹೊಸದು ಹೆಚ್ಚು ಕಂಡಿದೆ ಎಂದೇನೂ ಅರ್ಥವಲ್ಲ.

ಸಂದೇಹ ಉಳಿದವರಿಗೆ ಮನೆಯಲ್ಲೇ ಪರೀಕ್ಷೆ ಸಾಧ್ಯ. 2005ರ ಫ್ರೂಟ್ 2.1 ಇಂದಿಗೂ ಉಚಿತವಾಗಿ ಲಭ್ಯ. ತಂತ್ರಾಂಶಗಳು ಮತ್ತು ಪರದೆಗಳ ನಡುವೆ ಮಾತುಕತೆಗೆಂದು 2000ದಲ್ಲಿ ರೂಪುಗೊಂಡ ಯುಸಿಐ ನಿಯಮಾವಳಿಯನ್ನು ಅದೂ ಅನುಸರಿಸುತ್ತದೆ, ಇಂದಿನ ಸ್ಟಾಕ್‌ಫಿಶ್ ಕೂಡ ಅನುಸರಿಸುತ್ತದೆ. ಎರಡನ್ನೂ ಒಂದೇ ಗಣಕಕ್ಕೆ ತುಂಬಿಕೊಂಡು, ಪ್ರತಿಯೊಂದಕ್ಕೂ ಪ್ರೊಸೆಸರಿನ ಒಂದೇ ಒಂದು ಭಾಗವನ್ನು ಕೊಟ್ಟು, ಬಣ್ಣ ಬದಲಿಸುತ್ತ ಪಂದ್ಯಕ್ಕೆ ಒಂದೆರಡು ನಿಮಿಷಗಳಂತೆ ರಾತ್ರಿಯಿಡೀ ಆಡಲು ಬಿಡಬಹುದು. ಬಯಸಿದರೆ ಹೊಸದಕ್ಕೆ ಹಳೆಯದರ ಹತ್ತನೇ ಒಂದು ಪಾಲು ಸಮಯವನ್ನು ಮಾತ್ರ ಕೊಡಬಹುದು. ಬೆಳಗಾಗುವ ಹೊತ್ತಿಗೆ ಅಂಕಪಟ್ಟಿಯಲ್ಲಿ ಹಳೆಯದರ ಪಾಲಿಗೆ ಕೆಲವು ಡ್ರಾಗಳು ಉಳಿದಿದ್ದರೆ ಅದೇ ಹೆಚ್ಚು.